ದೋಣಿ ಇಲ್ಲದೆ ಜೋ ಪೂಲ್ ಲೇಕಿನಲ್ಲಿ ಬಾಸ್ ಹಿಡಿಯುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಡಲ್ಲಾಸ್‌ಗೆ ಹೊಸಬರು, ದೋಣಿ ಇಲ್ಲ. ಜೋ ಪೂಲ್ ಲೇಕಿನ ಪಕ್ಕದ ಸೀಡರ್ ಹಿಲ್ ಸ್ಟೇಟ್ ಪಾರ್ಕಿನ ದಡದಲ್ಲಿ ಎರಡು ವಾರಾಂತ್ಯ ಕೋಳಿ ಲಿವರ್ ಸಿಕ್ಕಿಸಿ, ಕೈಲಾದಷ್ಟು ದೂರ ಎಸೆದು ಕಾದಿರಿ. ಕ್ಯಾಟ್‌ಫಿಶ್ ಬಂತು, ನಿಮಗೆ ಬೇಕಾದ ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬೇಟೆ ಮೀನು, ಒಂದೂ ಬರಲಿಲ್ಲ.

ಲಿವರ್ ಹಾಕಿದರೆ ಕ್ಯಾಟ್‌ಫಿಶ್ ಬರುವುದೇ ಸರಿ, ಅದು ವಾಸನೆ ಹಿಡಿದು ತಳದಲ್ಲಿ ಮೇಯುವ ಮೀನು. ಬಾಸ್ ಅಡಗಿ ಕೂತು ಬೇಟೆಯಾಡುತ್ತದೆ. ಮುಳುಗಿದ ಮರ, ಕಲ್ಲಿನ ಸಂದಿ, ಜೊಂಡಿನ ಅಂಚು, ಜೆಟ್ಟಿಯ ನೆರಳು ಇಂಥ ಕಡೆ ನಿಂತು, ಎದುರಿಗೆ ಹಾದುಹೋಗುವ ಸಣ್ಣ ಮೀನು, ಕಪ್ಪೆ, ಸಿಗಡಿಯಂಥ ಕ್ರಾಫಿಶ್‌ಗಳ ಮೇಲೆ ಎರಗುತ್ತದೆ. ನಮ್ಮ ಕೆರೆಗಳಲ್ಲಿ ಜೊಂಡಿನ ಅಂಚಿಗೆ ಕಪ್ಪೆ ಬಿಟ್ಟು ಕೊರವ ಮೀನು ಹಿಡಿಯುವುದನ್ನು ನೋಡಿದ್ದರೆ ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ನೀವು ದೂರಕ್ಕೆ ಎಸೆದಾಗ ಹುಕ್ಕು ಬೀಳುವುದು ಏನೂ ಇಲ್ಲದ ಬಯಲು ತಳಕ್ಕೆ. ಮೀನು ಅನೇಕ ಸಲ ನಿಮ್ಮ ಕಾಲಿನಿಂದ ಹತ್ತು ಹದಿನೈದು ಅಡಿಯಲ್ಲೇ ಇರುತ್ತದೆ. ಆದ್ದರಿಂದ ಕುರ್ಚಿ ಕಾರಿನಲ್ಲೇ ಇರಲಿ. ದಡದ ಬಾಸ್ ನಡೆಯುತ್ತಾ ಹಿಡಿಯುವ ಮೀನು.

ಸಾಮಾನು ಹೆಚ್ಚು ಬೇಡ. 7 ಅಡಿಯ ಮೀಡಿಯಂ ಹೆವಿ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಸೈಜಿನ ರೀಲ್, 10ರಿಂದ 12 ಪೌಂಡು ತಾಳುವ ಮಾನೋಫಿಲಮೆಂಟ್ (ಒಂದೇ ಎಳೆಯ ನೈಲಾನ್) ದಾರ ಸಾಕು. ದಾರವನ್ನು ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗೆ ನಿಲ್ಲಿಸಿ. ತುಂಬಿ ತುಳುಕಿಸಿದರೆ ಎಸೆದಾಗ ಸುರುಳಿ ಸುರುಳಿಯಾಗಿ ಹಾರಿ ಗಂಟು ಬೀಳುತ್ತದೆ. ಎಸೆದ ಮೇಲೆ ಬೇಲ್ ಕಂಬಿಯನ್ನು (ಎಸೆಯುವ ಮುನ್ನ ತೆರೆಯುವ, ರೀಲಿನ ಮೇಲಿನ ಬಾಗಿದ ತಂತಿ) ರೀಲಿನ ಹಿಡಿ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮಡಚಿ, ದಾರವನ್ನು ಒಮ್ಮೆ ಬಿಗಿಯಾಗಿ ಎಳೆದು ಆಮೇಲೆ ಸುತ್ತಿ. ಹೊಸಬರ ದಾರ ಹುರಿಗಟ್ಟಲು ಒಂದು ಮುಖ್ಯ ಕಾರಣ ಹಿಡಿ ತಿರುಗಿಸಿ ಮುಚ್ಚುವ ಅಭ್ಯಾಸ.

ಒಂದೇ ಒಂದು ಜೋಡಣೆ ಕಲಿಯುವುದಾದರೆ ಟೆಕ್ಸಾಸ್ ರಿಗ್ ಕಲಿಯಿರಿ, ಅಂದರೆ ಹುಕ್ಕಿನ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನಲ್ಲಿ ಅಡಗಿಸುವ ಕ್ರಮ. ಜೋ ಪೂಲ್‌ನಲ್ಲಿ ಮುಳುಗಿದ ಮರಗಳು ಬಹಳ, ತೆರೆದ ಹುಕ್ಕು ಎರಡನೇ ಎಸೆತಕ್ಕೇ ಮರಕ್ಕೆ ಸಿಕ್ಕಿ ಹೋಗುತ್ತದೆ. ಮೊದಲು 3/16 ಔನ್ಸಿನ, ಗುಂಡಿನಾಕಾರದ ಬುಲೆಟ್ ತೂಕವನ್ನು ಚೂಪು ತುದಿ ರಾಡಿನ ಕಡೆಗಿರುವಂತೆ ದಾರಕ್ಕೆ ಪೋಣಿಸಿ. ಆಮೇಲೆ 3/0 ಸೈಜಿನ, ಕುತ್ತಿಗೆ ಬಾಗಿದ ಅಗಲ ಬಾಯಿಯ ಹುಕ್ಕನ್ನು ಪಾಲೋಮಾರ್ ಗಂಟಿನಿಂದ ಕಟ್ಟಿ: ದಾರವನ್ನು ಎರಡು ಎಳೆ ಮಾಡಿ ಹುಕ್ಕಿನ ಕಣ್ಣಿಗೆ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ತುದಿಯ ಕುಣಿಕೆಯೊಳಗಿಂದ ಇಡೀ ಹುಕ್ಕನ್ನು ದಾಟಿಸಿ, ಎಂಜಲು ಹಚ್ಚಿ ಒದ್ದೆ ಮಾಡಿ ಬಿಗಿಯಿರಿ. ಒಣ ದಾರ ಬಿಗಿಯುವಾಗ ತಿಕ್ಕಿ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ದೊಡ್ಡ ಮೀನು ತಪ್ಪಿಸಿಕೊಂಡಾಗ ದಾರದ ತುದಿ ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಜಾರಿದ್ದು ಗಂಟು ಎಂದು ತಿಳಿಯಿರಿ.

ಈಗ 6ರಿಂದ 7 ಇಂಚಿನ ಪ್ಲಾಸ್ಟಿಕ್ ಹುಳು. ಅದರ ಮೂತಿಗೆ ಹುಕ್ಕಿನ ಮೊನೆಯನ್ನು ಕಾಲಿಂಚು ನೇರವಾಗಿ ಚುಚ್ಚಿ, ಪಕ್ಕದಿಂದ ಹೊರತೆಗೆದು, ಹುಕ್ಕಿನ ಕಣ್ಣು ಮೂತಿಯೊಳಗೆ ಅಡಗುವವರೆಗೆ ಎಳೆಯಿರಿ. ಹುಕ್ಕನ್ನು ಅರ್ಧ ಸುತ್ತು ತಿರುಗಿಸಿ ಹುಳುವಿನ ಪಕ್ಕದಲ್ಲಿ ಒರಗಿಸಿದರೆ ಬಾಗು ಎಲ್ಲಿಗೆ ಬರುತ್ತದೆಂದು ಕಾಣುತ್ತದೆ. ಅಲ್ಲಿ ಉಗುರಿನಿಂದ ಗುರುತು ಮಾಡಿ, ಅದೇ ಜಾಗದಲ್ಲಿ ಮೊನೆಯನ್ನು ಆಚೆ ದಾಟಿಸಿ, ತುದಿಯನ್ನು ಮಾತ್ರ ಹುಳುವಿನ ಚರ್ಮದಡಿ ತುಸು ಮುಚ್ಚಿ. ಹುಳು ಕಡ್ಡಿಯಂತೆ ನೆಟ್ಟಗಿರಬೇಕು. ಗೂನಾಗಿದ್ದರೆ ಎಳೆಯುವಾಗ ಗಿರಗಿರ ತಿರುಗಿ ದಾರವನ್ನೂ ಹುರಿಗಟ್ಟಿಸುತ್ತದೆ, ಮೀನನ್ನೂ ಓಡಿಸುತ್ತದೆ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ತಿಳಿನೀರಿಗೆ ಗ್ರೀನ್ ಪಂಪ್‌ಕಿನ್ (ಕಂದು ಮಿಶ್ರಿತ ಹಸಿರು), ಕದಡಿದ ನೀರಿಗೆ ಕಪ್ಪು ನೀಲಿ.

ನೀರಂಚಿಗೆ ಹೋಗುವ ಮೊದಲು ಏಳೆಂಟು ಅಡಿ ಹಿಂದೆಯೇ ನಿಂತು ಮೊದಲ ಎಸೆತ ಹಾಕಿ, ದಡಕ್ಕೆ ಸಮಾನಾಂತರವಾಗಿ ಎಡಕ್ಕೆ ಒಂದು, ಬಲಕ್ಕೆ ಒಂದು. ಆಮೇಲೆ ಓರೆಯಾಗಿ, ಕೊನೆಗೆ ನೇರ. ದಡದುದ್ದಕ್ಕೆ ಎಸೆದರೆ ಹುಳು ಎಸೆತದ ಇಡೀ ಉದ್ದಕ್ಕೂ ಮೀನಿರುವ ಆಳದಲ್ಲೇ ಬರುತ್ತದೆ. ನೇರ ಎಸೆದರೆ ಕೊನೆಯ ಕೆಲವು ಅಡಿ ಮಾತ್ರ ಕೆಲಸಕ್ಕೆ ಬಂದು ಉಳಿದದ್ದು ವ್ಯರ್ಥ. ಒಂದು ಮರ ಅಥವಾ ಕಲ್ಲುರಾಶಿಗೆ ಮೂರು ನಾಲ್ಕು ಎಸೆತ, ಆಮೇಲೆ ಇಪ್ಪತ್ತು ಹೆಜ್ಜೆ ಮುಂದೆ.

ಹುಳು ನೀರಿಗೆ ಬಿದ್ದ ಕೂಡಲೇ ಸುತ್ತಬೇಡಿ. ದಾರ ನೋಡಿ. ಬಹಳಷ್ಟು ಸಲ ಬಾಸ್ ಕಚ್ಚುವುದು ಹುಳು ಮುಳುಗುವಾಗಲೇ. ದಾರ ಪಕ್ಕಕ್ಕೆ ಸರಿದರೆ, ಅಥವಾ ತಳ ಮುಟ್ಟಬೇಕಾದ ಹೊತ್ತಿಗಿಂತ ಮೊದಲೇ ನಿಂತುಬಿಟ್ಟರೆ, ಮೀನು ಬಾಯಿಗೆ ಹಾಕಿಕೊಂಡಿದೆ. ತಳ ಮುಟ್ಟಿದ ಮೇಲೆ ರಾಡ್ ತುದಿಯನ್ನು ಗಡಿಯಾರದ 9ರಿಂದ 11ಕ್ಕೆ ನಿಧಾನ ಎತ್ತಿ, ಮತ್ತೆ ಇಳಿಸಿ, ಸಡಿಲಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಟಿಕ್ ಟಿಕ್ ಟಿಕ್ ಎಂದು ಒಂದೇ ಸಮ ಕುಟುಕಿದರೆ ಸಾಮಾನ್ಯವಾಗಿ ಬ್ಲೂಗಿಲ್‌ನಂಥ ಸಣ್ಣ ಮೀನು. ಒಂದೇ ಒಂದು 'ಟಕ್', ಆಮೇಲೆ ಭಾರ ಅನಿಸಿದರೆ ಬಾಸ್. ಆಗ ರಾಡ್ ತಗ್ಗಿಸಿ, ಸಡಿಲು ದಾರ ಸುತ್ತಿ, ಭಾರ ಕೈಗೆ ಸಿಕ್ಕ ಮೇಲೆ ಜೋರಾಗಿ ಮೇಲಕ್ಕೆ ಬೀಸಿ. ಮೊನೆ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಬಾಯಿಗೆ ನಾಟಬೇಕು. ದಾರ ಸಡಿಲವಿದ್ದಾಗಲೇ ಎಳೆದರೆ ಬರಿ ಹುಳು ವಾಪಸು ಬರುತ್ತದೆ. ಮೀನು ಸಿಕ್ಕಿದ ಮೇಲೆ ರಾಡ್ ಬಾಗಿರಲಿ, ದಾರ ಒಂದು ಕ್ಷಣವೂ ಸಡಿಲಾಗಬಾರದು, ಬಾಸ್ ನೀರಿನಿಂದೆದ್ದು ತಲೆ ಕೊಡವುವುದು ಹುಕ್ಕು ಕಿತ್ತೊಗೆಯುವ ಹೊತ್ತು.

ಮರಕ್ಕೆ ಸಿಕ್ಕಿಕೊಂಡರೆ ರಾಡ್ ಬಗ್ಗಿಸಿ ಜಗ್ಗಬೇಡಿ, ತುದಿ ಮುರಿಯುತ್ತದೆ. ರಾಡ್ ತಗ್ಗಿಸಿ, ಬಿಗಿದ ದಾರವನ್ನು ತಂತಿ ಮೀಟಿದಂತೆ ಮೀಟಿ ಬಿಡಿ, ಎದುರು ದಿಕ್ಕಿಗೆ ನಡೆದು ಮತ್ತೆ ಮೀಟಿ. ಬಿಡದಿದ್ದರೆ ದಾರವನ್ನು ಬಟ್ಟೆ ಸುತ್ತಿದ ಕೈಗೆ ಸುತ್ತಿಕೊಂಡು ನೇರ ಎಳೆದು ತುಂಡು ಮಾಡಿ. ಬರಿಗೈಗೆ ಸುತ್ತಿದರೆ ಚರ್ಮ ಕುಯ್ಯುತ್ತದೆ.

ಕಾಲಕ್ಕೆ ತಕ್ಕಂತೆ ಜಾಗ ಬದಲಾಗುತ್ತದೆ. ಉತ್ತರ ಟೆಕ್ಸಾಸಿನಲ್ಲಿ ಮಾರ್ಚ್, ಏಪ್ರಿಲ್ ದಡದವರ ಸುಗ್ಗಿ: ನೀರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಾಸ್ ಮೊಟ್ಟೆಯಿಡಲು ಗಟ್ಟಿ ನೆಲದ, ಗಾಳಿ ತಾಗದ ಮೂಲೆಗಳಿಗೆ ಬರುತ್ತದೆ. ಗೂಡು ಕಾಯುವುದು ಗಂಡು. ಅದನ್ನು ಹಿಡಿದರೆ ಅಲ್ಲೇ ತಕ್ಷಣ ಬಿಡಿ, ಅದು ಆಚೆಗಿರುವಷ್ಟು ಹೊತ್ತು ಬ್ಲೂಗಿಲ್‌ಗಳು ಮೊಟ್ಟೆ ತಿನ್ನುತ್ತವೆ. ಬೇಸಿಗೆಯಲ್ಲಿ ಬೆಳಗಿನ ಮೊದಲ ಒಂದೂವರೆ ಗಂಟೆ ಮತ್ತು ಸಂಜೆಯ ಕೊನೆಯ ಒಂದು ಗಂಟೆ ಬಿಟ್ಟರೆ ಉಳಿದದ್ದು ಬರೀ ಬಿಸಿಲು. ಶರತ್ಕಾಲದಲ್ಲಿ ಶಾಡ್ ಮೀನಿನ ಹಿಂಡು ತೊರೆಯ ಬಾಯಿಗಳಿಗೆ ನುಗ್ಗುತ್ತದೆ, ಬಾಸ್ ಹಿಂದೆಯೇ ಬರುತ್ತದೆ. ಆಗ ಹುಳುವಿಗಿಂತ 3/8 ಔನ್ಸಿನ ಬಿಳಿ ಸ್ಪಿನ್ನರ್‌ಬೈಟ್ (ಎಳೆದಾಗ ತಿರುಗಿ ಮಿನುಗುವ ಲೋಹದ ತಗಡಿರುವ ಕೃತಕ ಎರೆ) ಒಳ್ಳೆಯದು. ಗಾಳಿ ಬೀಸಿ ಅಲೆ ಬಡಿಯುವ ದಡ ಕಿರಿಕಿರಿಯೆಂದು ಜನ ಬಿಟ್ಟುಹೋಗುತ್ತಾರೆ. ಸಣ್ಣ ಮೀನು ಸೇರುವುದು ಅಲ್ಲೇ, ನೀವು ಅಲ್ಲೇ ಎಸೆಯಿರಿ. ಚಳಿಗಾಲದಲ್ಲಿ ಬಿಸಿಲು ಬಿದ್ದ ಕಲ್ಲುದಡ, ಮಧ್ಯಾಹ್ನ, ಬಹಳ ನಿಧಾನ.

ಜೊಂಡಿನಲ್ಲಿ ಕಾಲಿಡುವಾಗ ನೋಡಿಕೊಳ್ಳಿ. ಕಾಟನ್‌ಮೌತ್ ಎಂಬ ವಿಷದ ಹಾವು ನೀರಂಚಿನಲ್ಲೇ ಇರುತ್ತದೆ. ಕಚ್ಚಿದರೆ ಉರಿಯುವ ಬೆಂಕಿ ಇರುವೆಯ (ಫೈರ್ ಆಂಟ್) ಮಣ್ಣಿನ ಗುಡ್ಡೆಯ ಮೇಲೆ ಚೀಲ ಇಡಬೇಡಿ.

ಸ್ಟೇಟ್ ಪಾರ್ಕಿನೊಳಗೆ ದಡದಿಂದ ಹಿಡಿಯುವುದಾದರೆ ಟೆಕ್ಸಾಸಿನಲ್ಲಿ ಲೈಸೆನ್ಸ್ ಬೇಕಿಲ್ಲ, ಪಾರ್ಕಿನ ಪ್ರವೇಶ ಶುಲ್ಕ ಕೊಟ್ಟರಾಯಿತು. ಅದೇ ಲೇಕಿನ ಲಿನ್ ಕ್ರೀಕ್ ಪಾರ್ಕ್‌ಗೋ ಲಾಯ್ಡ್ ಪಾರ್ಕ್‌ಗೋ ಹೋದರೆ 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕೇ ಬೇಕು. ಮೀನು ಮನೆಗೆ ಒಯ್ಯುವುದಾದರೆ ರಾಜ್ಯದ ಸಾಮಾನ್ಯ ನಿಯಮದಂತೆ ಲಾರ್ಜ್‌ಮೌತ್ ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ 5 ಮಾತ್ರ. ಬಾಯಿ ಮುಚ್ಚಿಸಿ, ಬಾಲ ಒತ್ತಿ ಹಿಡಿದು ಅಳೆಯಿರಿ. ಒಂದೊಂದು ಲೇಕಿಗೆ ಬೇರೆ ನಿಯಮವೂ ಇರುವುದರಿಂದ ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಪಟ್ಟಿಯನ್ನು ಹೊರಡುವ ಮುನ್ನ ನೋಡಿ.

ಬಿಡುವುದಾದರೆ ಒದ್ದೆ ಕೈಯಿಂದ ಕೆಳದುಟಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯಡಿ ಕೊಟ್ಟು ಅಡ್ಡವಾಗಿ ಎತ್ತಿ. ದೊಡ್ಡ ಮೀನನ್ನು ತುಟಿಯಿಂದಷ್ಟೇ ನೇತು ಹಾಕಿದರೆ ದವಡೆಗೆ ಪೆಟ್ಟು. ಹುಕ್ಕು ಗಂಟಲಿಗೆ ಇಳಿದಿದ್ದರೆ ಕಿತ್ತಾಡದೆ ದಾರ ಕತ್ತರಿಸಿ. ಆಮೇಲೆ ನೀರಿನಲ್ಲಿ ನೆಟ್ಟಗೆ ಹಿಡಿದು, ಅದಾಗಿ ಬಾಲ ಬಡಿದು ಹೊರಟಾಗ ಕೈ ಬಿಡಿ.