ತಾಜ್‌ಗೆ ಕೋರ್ಟು ಕಾವಲು ನಿಂತು ಆದದ್ದೇನು? ನಾಪೋಕ್ಲಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಆಗ್ರಾದ ಮಾಲಿನ್ಯ ಮತ್ತು ಸುಪ್ರೀಂ ಕೋರ್ಟಿನ ಆದೇಶಗಳನ್ನು ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. ಪತ್ರ ದೀರ್ಘವಾಗಿರುವುದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಜನರಿಂದ ಆಯ್ಕೆಯಾದ ಸರ್ಕಾರ ಮಾಡಬೇಕಾದ ಕೆಲಸಕ್ಕೆ ನ್ಯಾಯಮೂರ್ತಿಗಳು ಕೈಹಾಕುವುದು ಸರಿಯೇ ಎಂಬುದು ತಮ್ಮ ಮೊದಲ ಪ್ರಶ್ನೆ. ನಾಲ್ಕು ದಶಕ ಕೋರ್ಟು ಕಣ್ಣಿಟ್ಟಿದ್ದರೂ ತಾಜ್ ಮಹಲಿನ ಬೆನ್ನಿಗೇ ಹರಿಯುವ ಯಮುನೆ ಇಂದಿಗೂ ಕೊಳಚೆಯಾಗಿಯೇ ಉಳಿದಿರುವಾಗ ಆ ಕಾವಲಿನಿಂದ ಏನು ಸಾಧಿಸಿದಂತಾಯಿತು ಎಂಬುದು ಎರಡನೆಯದು. ಮಡಿಕೇರಿ, ಕುಶಾಲನಗರಗಳ ಚರಂಡಿ ನೀರು ಕಾವೇರಿಯನ್ನು ಸೇರುವುದರ ವಿರುದ್ಧ ಹೈಕೋರ್ಟಿಗೆ ಹೋಗೋಣವೆಂದು ಗೆಳೆಯರು ಒತ್ತಾಯಿಸುತ್ತಿದ್ದಾರೆಂದೂ, ಆಗ್ರಾದ ಕಥೆ ಓದಿದ ಮೇಲೆ ತಮಗೆ ಉತ್ಸಾಹವೇ ಉಳಿದಿಲ್ಲವೆಂದೂ ಬರೆದಿದ್ದೀರಿ. ಈ ಕೊನೆಯ ಮಾತು ನನ್ನನ್ನು ಕಳವಳಕ್ಕೀಡುಮಾಡಿದ್ದರಿಂದ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರಕರಣ ಹೇಗೆ ಕೋರ್ಟಿಗೆ ಬಂತೆಂಬುದನ್ನು ಮೊದಲು ನೋಡೋಣ. ತಾಜ್ ಮಹಲ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1983ರಲ್ಲಿ. ಮರುವರ್ಷವೇ ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಆಗ್ರಾದ ಎರಕದ ಕುಲುಮೆಗಳು, ಫಿರೋಜಾಬಾದಿನ ಗಾಜಿನ ಕಾರ್ಖಾನೆಗಳು, ಸುತ್ತಲಿನ ಇಟ್ಟಿಗೆ ಗೂಡುಗಳು, ಮಥುರಾದ ತೈಲ ಶುದ್ಧೀಕರಣ ಘಟಕ, ಇವೆಲ್ಲ ಉಗುಳುವ ಹೊಗೆಯಲ್ಲಿದ್ದ ಗಂಧಕದ ಡೈಆಕ್ಸೈಡ್ ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಅಮೃತಶಿಲೆ ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದಲ್ಲಿ ಅದು ಜಿಪ್ಸಮ್ಮಾಗಿ ಮಾರ್ಪಟ್ಟು, ನುಣುಪು ಕಳೆದುಕೊಂಡು, ಮಸಿಯನ್ನು ಹಿಡಿದಿಟ್ಟುಕೊಂಡು, ಕೊನೆಗೆ ಪದರ ಪದರವಾಗಿ ಉದುರುತ್ತದೆ. ಇದನ್ನು ಅಮೃತಶಿಲೆಯ ಕ್ಯಾನ್ಸರ್ ಎಂದು ಕರೆದದ್ದು ಈ ಕಾರಣಕ್ಕೆ. ಪುರಾತತ್ವ ಇಲಾಖೆಯವರು ಗೋಡೆಗೆ ಮುಲ್ತಾನಿ ಮಿಟ್ಟಿಯನ್ನು ಮೆತ್ತಿ, ಅದು ಒಣಗಿ ಕೊಳೆಯನ್ನು ಹೀರಿಕೊಂಡ ಮೇಲೆ ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಮೇಲೆ ಕೂತ ಕೊಳೆ ಹೋಗುತ್ತದೆ. ಸವೆದ ಕಲ್ಲು ಮರಳುವುದಿಲ್ಲ.

ಈ ಅಪಾಯ ಸರ್ಕಾರಕ್ಕೆ ತಿಳಿದಿರಲಿಲ್ಲವೆಂದಲ್ಲ. ಮಥುರಾ ಘಟಕದ ಯೋಜನೆ ರೂಪುಗೊಳ್ಳುತ್ತಿದ್ದಾಗಲೇ, 1970ರ ದಶಕದಲ್ಲಿ, ವರದರಾಜನ್ ಸಮಿತಿಯನ್ನು ಸರ್ಕಾರವೇ ನೇಮಿಸಿತ್ತು. ಆಗ್ರಾದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು, ಉಗಿಬಂಡಿ ಓಡುತ್ತಿದ್ದ ರೈಲ್ವೆ ಯಾರ್ಡುಗಳು, ಎರಕದ ಕುಲುಮೆಗಳು ಆಗಲೇ ಸಾಕಷ್ಟು ಹೊಗೆ ಕಾರುತ್ತಿವೆ ಎಂದು ಸಮಿತಿ ಎಚ್ಚರಿಸಿತ್ತು. ತಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಪಟ್ಟಿಯಲ್ಲೇ ಇದೆ. ಶುದ್ಧೀಕರಣ ಘಟಕ ಸಾರ್ವಜನಿಕ ವಲಯದ್ದು, ರೈಲು ಸರ್ಕಾರದ್ದು, ಚರಂಡಿ ನಗರಸಭೆಯದ್ದು, ಕುಲುಮೆಗಳಿಗೆ ಅನುಮತಿ ಕೊಡುವ ಮಾಲಿನ್ಯ ಮಂಡಳಿಯೂ ಸರ್ಕಾರದ್ದೇ. ಸರ್ಕಾರವೇ ಮಲಿನಗೊಳಿಸುವವನೂ ಮಾಲಿನ್ಯ ತಡೆಯಬೇಕಾದವನೂ ಆಗಿರುವಲ್ಲಿ ಅದರ ಎರಡು ಇಲಾಖೆಗಳನ್ನು ಎದುರುಬದುರು ನಿಲ್ಲಿಸಿ ಲಿಖಿತ ಉತ್ತರ ಪಡೆಯುವ ಮೂರನೆಯವರೊಬ್ಬರು ಬೇಕಾಗುತ್ತದೆ. ವಿಧಾನಸಭೆ ಆ ಕೆಲಸ ಮಾಡಬೇಕಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ಮಾಡದಿದ್ದಾಗ ನಾಗರಿಕನಿಗೆ ಉಳಿಯುವುದು ಕೋರ್ಟಿನ ಬಾಗಿಲೇ.

ಅರ್ಜಿಯ ತೀರ್ಪು ಬಂದದ್ದು 1996ರ ಡಿಸೆಂಬರ್ 30ರಂದು. ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಫೈಜಾನುದ್ದೀನ್ ಅವರ ಪೀಠ 292 ಕಾರ್ಖಾನೆಗಳಿಗೆ ಕಲ್ಲಿದ್ದಲು ಮತ್ತು ಕೋಕ್ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಆಗದಿದ್ದರೆ ವಲಯದಿಂದ ಹೊರಗೆ ಸ್ಥಳಾಂತರಗೊಳ್ಳಬೇಕು ಎಂದು ಆದೇಶಿಸಿತು. ವಲಯವೆಂದರೆ ತಾಜ್ ಸುತ್ತ ಗುರುತಿಸಿದ ಸುಮಾರು 10,400 ಚದರ ಕಿಲೋಮೀಟರಿನ ತಾಜ್ ಟ್ರೆಪೀಜಿಯಂ; ಆಗ್ರಾ ಕೋಟೆ, ಫತೇಪುರ ಸಿಕ್ರಿಗಳೂ ಅದರೊಳಗಿವೆ. ಅರ್ಜಿಯಿಂದ ತೀರ್ಪಿನವರೆಗೆ 12 ವರ್ಷ ಹಿಡಿದದ್ದನ್ನು ತಾವು ವಿಳಂಬವೆಂದು ಆಕ್ಷೇಪಿಸಿದ್ದೀರಿ. ಆದರೆ ಆ ಅವಧಿಯಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ವರದಿಗಳು ಬಂದವು, ಕಾರ್ಖಾನೆಗಳಿಗೆ ಪತ್ರಿಕಾ ಪ್ರಕಟಣೆಯ ಮೂಲಕ ನೋಟಿಸು ಹೋಯಿತು, ಅನಿಲ ಕೊಳವೆ ಎಲ್ಲಿಂದ ಬರಬೇಕೆಂಬುದು ನಿರ್ಧಾರವಾಯಿತು. ಬದಲಿ ಇಂಧನವನ್ನು ತೋರಿಸದೆ ಬೀಗ ಜಡಿದಿದ್ದರೆ ಆ ಆದೇಶ ಒಂದು ವರ್ಷವೂ ಬಾಳುತ್ತಿರಲಿಲ್ಲ.

ಆ ತೀರ್ಪಿನಲ್ಲಿ ಹೆಚ್ಚು ಚರ್ಚೆಯಾಗದ ಭಾಗವೊಂದಿದೆ. ಸ್ಥಳಾಂತರಗೊಳ್ಳುವ ಕಾರ್ಖಾನೆಯ ಕಾರ್ಮಿಕನಿಗೆ ಕೆಲಸದ ನಿರಂತರತೆ ಮತ್ತು ಒಂದು ವರ್ಷದ ವೇತನ, ಮುಚ್ಚುವ ಕಾರ್ಖಾನೆಯವನಿಗೆ ಕಾನೂನಿನ ಪರಿಹಾರದ ಮೇಲೆ ಆರು ವರ್ಷಗಳ ವೇತನ ಕೊಡಬೇಕೆಂದು ಪೀಠ ಹೇಳಿತ್ತು. ಅಮೃತಶಿಲೆಗಾಗಿ ಬಡವನ ಅನ್ನ ಕಸಿದರು ಎಂಬ ಟೀಕೆಗೆ ಕಾಗದದ ಮೇಲೆ ಇದು ಉತ್ತರ. ಆದರೆ ಪರಿಹಾರ ಸಿಗುವುದು ಕನಿಷ್ಠ ಒಂದು ವರ್ಷದ ಸತತ ಸೇವೆ ತೋರಿಸಿದವನಿಗೆ. ಕುಲುಮೆಯ ಮುಂದೆ ದಿನಗೂಲಿಗೆ ನಿಂತವನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲದೇ ಹೋದರೆ ಅವನ ಪಾಲಿಗೆ ಆ ಸಾಲುಗಳು ಇದ್ದೂ ಇಲ್ಲದಂತೆ. ಕೋರ್ಟಿನ ಮೇಲ್ವಿಚಾರಣೆಯನ್ನು ಬೆಂಬಲಿಸುವ ನಮ್ಮಂಥವರು ಈ ನಷ್ಟವನ್ನು ಮರೆಮಾಚಿ ಮಾತಾಡಬಾರದು.

ಎರಡನೆಯ ಘಟನೆ ಇನ್ನೂ ಮುಖ್ಯ. ತಾಜ್‌ಗೂ ಆಗ್ರಾ ಕೋಟೆಗೂ ನಡುವೆ ಯಮುನೆಯ ಪಾತ್ರಕ್ಕೆ ಮಣ್ಣು ತುಂಬಿ, ಪ್ರವಾಸಿಗರಿಗಾಗಿ ಅಂಗಡಿ ಮುಂಗಟ್ಟುಗಳ ತಾಜ್ ಕಾರಿಡಾರ್ ಕಟ್ಟಲು ಉತ್ತರ ಪ್ರದೇಶ ಸರ್ಕಾರ ಹೊರಟಿತು. ಯೋಜನೆಯ ಮೊತ್ತ 175 ಕೋಟಿ ರೂಪಾಯಿ. ವಿಷಯ ಬಯಲಾದಾಗ, 2003ರಲ್ಲಿ, ಕಾಮಗಾರಿ ನಿಂತಿತು. ಸುಪ್ರೀಂ ಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. ಮುಂದೆ 2007ರಲ್ಲಿ ರಾಜ್ಯಪಾಲರು ಮೊಕದ್ದಮೆಗೆ ಅನುಮತಿ ನೀಡಲಿಲ್ಲವೆಂಬುದು ಬೇರೆ ಮಾತು. ಸ್ಮಾರಕವನ್ನು ಕಾಪಾಡಬೇಕಾದ ಸರ್ಕಾರವೇ ಅದರ ಮಗ್ಗುಲಿನ ನದಿಯನ್ನು ಹೂಳಲು ಹೊರಟಾಗ ಅಲ್ಲಿ ಅದಾಗಲೇ ಒಂದು ಪ್ರಕರಣ ಜೀವಂತವಾಗಿತ್ತು, ಬರುವ ವಾರವೇ ಪ್ರಶ್ನೆ ಕೇಳುವ ಪೀಠವೊಂದಿತ್ತು. ತೀರ್ಪು ಕೊಟ್ಟು ಕಡತ ಮುಚ್ಚಿದ್ದರೆ ಹೊಸ ಅರ್ಜಿ, ಹೊಸ ನೋಟಿಸು, ಹೊಸ ವಕಾಲತ್ತು ಎನ್ನುವಷ್ಟರಲ್ಲಿ ಕಟ್ಟಡ ಎದ್ದು ನಿಲ್ಲುತ್ತಿತ್ತು. ನಿರಂತರ ಮೇಲ್ವಿಚಾರಣೆಯ ಪರವಾಗಿ ನನಗೆ ಇದಕ್ಕಿಂತ ಬಲವಾದ ವಾದ ಗೊತ್ತಿಲ್ಲ.

ಈಗ ಯಮುನೆಗೆ ಬರೋಣ. ಇಲ್ಲಿ ತಮ್ಮ ಮಾತು ಬಹುಮಟ್ಟಿಗೆ ಸರಿ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಪಾಲು ಹಾಕುವ ಸುಮಾರು 600 ಕೋಟಿ ರೂಪಾಯಿಯ ಯೋಜನೆಗಳು 1990ರ ದಶಕದಲ್ಲೇ ಸಿದ್ಧವಾದವು: ಜನರೇಟರುಗಳ ಹೊಗೆ ತಪ್ಪಿಸಲು ಸತತ ವಿದ್ಯುತ್ತು, ಲಾರಿಗಳಿಗೆ ಬೈಪಾಸ್ ರಸ್ತೆ, ನೀರಿಗೆ ಬ್ಯಾರೇಜು, ಚರಂಡಿ, ಕಸ ವಿಲೇವಾರಿ. ಅನಿಲ ಬಂತು, ಇಟ್ಟಿಗೆ ಗೂಡುಗಳು ದೂರ ಸರಿದವು, ಸ್ಮಾರಕದ ಹತ್ತಿರಕ್ಕೆ ಡೀಸೆಲ್ ವಾಹನ ಬರುವುದು ನಿಂತಿತು. ಹಿಂದೆ ಬಿದ್ದದ್ದು ನೀರಿನ ಕೆಲಸ. ಮಂಟೋಲಾ ನಾಲೆಯಂಥ ಚರಂಡಿಗಳು ನಗರದ ಕೊಳಚೆಯನ್ನು ಯಮುನೆಗೆ ಸುರಿಯುತ್ತಲೇ ಇದ್ದವು. ಅದರ ಫಲ ಕಲ್ಲಿನ ಮೇಲೆಯೇ ಕಾಣಿಸಿಕೊಂಡಿತು. ನಿಂತ ಕೊಳಚೆ ನೀರಿನಲ್ಲಿ ಹುಟ್ಟುವ, ಸೊಳ್ಳೆಯನ್ನು ಹೋಲುವ ಸಣ್ಣ ಕೀಟವೊಂದು ಸಂಜೆಯ ಹೊತ್ತು ನದಿಯ ಕಡೆಯ ಗೋಡೆಗೆ ಗುಂಪುಗುಂಪಾಗಿ ಮುತ್ತಿ ಹಸಿರು ಹಿಕ್ಕೆಯ ಕಲೆ ಬಿಡುವುದು ಹತ್ತು ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಯಿತು. ಆ ಕಲೆಯನ್ನು ಇಲಾಖೆಯ ಸಿಬ್ಬಂದಿ ಮತ್ತೆ ಮತ್ತೆ ತೊಳೆಯುತ್ತಾರೆ. ಉಜ್ಜಿದಷ್ಟೂ ಹೂಬಳ್ಳಿಯ ಕೆತ್ತನೆಗೇ ಕುತ್ತು. ಇನ್ನು ಗೋಡೆಯ ಕಂದು ಛಾಯೆಗೆ ಕಾರಣ ಹುಡುಕಿದ ಐಐಟಿ ಕಾನ್ಪುರ, ಅಮೆರಿಕದ ಜಾರ್ಜಿಯಾ ಟೆಕ್ ಮತ್ತು ಪುರಾತತ್ವ ಇಲಾಖೆಯ ಅಧ್ಯಯನಕ್ಕೆ ಸಿಕ್ಕಿದ್ದು ದೂಳು ಮತ್ತು ಕಸ, ಬೆರಣಿ, ಸೌದೆ ಉರಿಸಿದಾಗ ಹೊರಡುವ ಇಂಗಾಲದ ಕಣಗಳು. 292 ಕುಲುಮೆಗಳಿಗೆ ನೋಟಿಸು ಕೊಡಬಹುದು. ಮನೆಮನೆಯ ಒಲೆಗೆ, ಬೀದಿಬದಿಯ ಕಸದ ಬೆಂಕಿಗೆ ಯಾವ ವಿಳಾಸಕ್ಕೆ ನೋಟಿಸು ಕಳುಹಿಸುವುದು?

2018ರ ಜುಲೈಯಲ್ಲಿ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತ, ತಾಜ್ ಮಹಲನ್ನು ಮುಚ್ಚಿ, ಇಲ್ಲವೇ ಕೆಡವಿ, ಅದೂ ಇಲ್ಲವಾದರೆ ಸರಿಪಡಿಸಿ ಎಂದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದು ತಮಗೆ ನೆನಪಿರಬಹುದು. ಅದನ್ನು ಕೋಪದ ಮಾತೆಂದು ಪತ್ರಿಕೆಗಳು ಬರೆದವು. ನನಗೆ ಅದರಲ್ಲಿ ಕೇಳಿಸಿದ್ದು ಅಸಹಾಯಕತೆ. ಕೋರ್ಟಿಗೆ ತಡೆಯುವ ಶಕ್ತಿ ಇದೆ, ಕಟ್ಟುವ ಶಕ್ತಿ ಇಲ್ಲ. ಕುಲುಮೆ ಆರಿಸು, ಮರ ಕಡಿಯಬೇಡ, ಲಾರಿ ನಿಲ್ಲಿಸು ಎಂದರೆ ಮರುದಿನವೇ ಜಾರಿಯಾಗಬಹುದು. ಚರಂಡಿ ಶುದ್ಧೀಕರಣ ಘಟಕ ಕಟ್ಟು ಎಂದರೆ ಜಮೀನು, ಟೆಂಡರು, ಗುತ್ತಿಗೆದಾರ, ವಿದ್ಯುತ್ ಬಿಲ್ಲು, ಘಟಕ ನಡೆಸುವ ಎಂಜಿನಿಯರು ಎಲ್ಲರೂ ಬೇಕು. ಘಟಕ ಉದ್ಘಾಟನೆಯಾದ ಮೇಲೂ ಅದು ದಿನಾ ಓಡುತ್ತಿದೆಯೇ ಎಂದು ನೋಡಲು ನ್ಯಾಯಮೂರ್ತಿಗಳು ಆಗ್ರಾಕ್ಕೆ ಹೋಗಿ ಕೂರಲಾಗದು.

ಇನ್ನೊಂದು ತೊಂದರೆಯೂ ಉಂಟು. ಕೋರ್ಟು ನೋಡಿಕೊಳ್ಳುತ್ತದೆ ಎಂದಾದಾಗ ಸ್ಥಳೀಯ ಅಧಿಕಾರಿ ಕೈಕಟ್ಟಿ ಕೂರುತ್ತಾನೆ. ವಲಯಕ್ಕಾಗಿಯೇ 1999ರಲ್ಲಿ ಪ್ರಾಧಿಕಾರವೊಂದು ರಚನೆಯಾಯಿತು. ಆಗ್ರಾದ ವಿಭಾಗೀಯ ಆಯುಕ್ತರೇ ಅಧ್ಯಕ್ಷರು, ಅಂದರೆ ಹತ್ತಾರು ಹೊಣೆಗಳ ನಡುವೆ ಇದೂ ಒಂದು. 2015ರಿಂದ ಇಡೀ ವಲಯದಲ್ಲಿ ಮರ ಕಡಿಯಲು ಸುಪ್ರೀಂ ಕೋರ್ಟಿನ ಅನುಮತಿಯೇ ಬೇಕಾಗಿತ್ತು. ಆ ಬಿಗಿಗೆ ಫಲವಿಲ್ಲದಿಲ್ಲ: ಮಥುರಾ ವೃಂದಾವನ ಭಾಗದಲ್ಲಿ ಅಕ್ರಮವಾಗಿ 454 ಮರ ಉರುಳಿಸಿದ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ, ಮರಕ್ಕೆ 1 ಲಕ್ಷ ರೂಪಾಯಿಯಂತೆ ಕೋರ್ಟು ದಂಡ ವಿಧಿಸಿತು. ಆದರೂ ಹತ್ತು ಸಾವಿರ ಚದರ ಕಿಲೋಮೀಟರಿನ ಒಂದೊಂದು ಮರದ ಲೆಕ್ಕವನ್ನೂ ದೇಶದ ಅತ್ಯುನ್ನತ ನ್ಯಾಯಾಲಯ ಇಡುವ ಸ್ಥಿತಿ ಅರಣ್ಯ ಇಲಾಖೆಯೊಂದು ಇರುವ ದೇಶಕ್ಕೆ ಗೌರವ ತರುವಂಥದ್ದಲ್ಲ. ಕಾವಲು ಮುಂದುವರಿಯಲಿ, ಆದರೆ ಪ್ರತಿ ವರ್ಷವೂ ಅದರ ಒಂದಿಷ್ಟು ಭಾಗ ಸ್ಥಳೀಯ ಸಂಸ್ಥೆಗೆ ಮರಳುತ್ತ ಹೋಗಬೇಕು.

ಹಾಗಾದರೆ ನಮ್ಮ ಕಾವೇರಿಯ ವಿಷಯದಲ್ಲಿ ಗೆಳೆಯರಿಗೆ ಏನು ಹೇಳಬೇಕು? ಅರ್ಜಿ ಹಾಕಬೇಡಿ ಎಂದು ನಾನು ಖಂಡಿತ ಹೇಳಲಾರೆ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳು 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆ ಬೆಟ್ಟಗಳಿಂದ ಇಳಿದ ನೀರು ನಮ್ಮ ಪೇಟೆಗಳನ್ನು ದಾಟುವಷ್ಟರಲ್ಲೇ ಕೆಡುತ್ತಿದ್ದರೆ ಸುಮ್ಮನಿರುವುದು ತರವಲ್ಲ. ಆದರೆ 'ಕಾವೇರಿಯನ್ನು ಉಳಿಸಿ' ಎಂಬ ಅಗಲವಾದ ಪ್ರಾರ್ಥನೆಯಿಂದ ಆರಂಭಿಸಬೇಡಿ. ಅದಕ್ಕೆ ಸರ್ಕಾರಿ ವಕೀಲರು ಕೊಡುವ 'ಕ್ರಮ ಕೈಗೊಳ್ಳಲಾಗುತ್ತಿದೆ' ಎಂಬ ಪ್ರಮಾಣಪತ್ರ (ಅಫಿಡವಿಟ್) ಈಗಲೇ ಸಿದ್ಧವಿದೆಯೆಂದು ತಿಳಿಯಿರಿ.

ತತ್ವ ಸ್ಥಾಪಿಸುವ ಕಷ್ಟವೂ ನಿಮಗಿಲ್ಲ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ತೆರೆದ ಚರಂಡಿಯ ಪ್ರಕರಣದಲ್ಲಿ, 1980ರಷ್ಟು ಹಿಂದೆಯೇ, ಹಣವಿಲ್ಲವೆಂಬುದು ಪುರಸಭೆಗೆ ನೆಪವಾಗಲಾರದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಹೇಳಿಬಿಟ್ಟಿದೆ. 2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು ಸ್ಥಳೀಯ ಸಂಸ್ಥೆಗಳು ಮೂರು ವರ್ಷದೊಳಗೆ ಕೊಳಚೆ ಶುದ್ಧೀಕರಣ ಘಟಕ ಸ್ಥಾಪಿಸಬೇಕೆಂದು ದೇಶಕ್ಕೇ ಅನ್ವಯವಾಗುವ ಆದೇಶ ನೀಡಿ, ಅದರ ಮೇಲ್ವಿಚಾರಣೆಯನ್ನು ಹಸಿರು ನ್ಯಾಯಮಂಡಳಿಗೆ ಒಪ್ಪಿಸಿದೆ. ನಮಗೆ ಸಂಬಂಧಿಸಿದ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ವಾಯಿದೆ ಎಂದೋ ಮುಗಿದಿರುವುದರಿಂದ ನೀವು ಕೇಳಬೇಕಾದದ್ದು ಹೊಸ ಆದೇಶವನ್ನಲ್ಲ, ಹಳೆಯದರ ಅನುಪಾಲನೆಯನ್ನು.

ಅದಕ್ಕೆ ಮುನ್ನ ಮಾಹಿತಿ ಹಕ್ಕಿನಡಿ ಒಳಚರಂಡಿ ಕಾಮಗಾರಿಯ ಯೋಜನಾ ವರದಿ, ಗುತ್ತಿಗೆ ಕರಾರು, ಇದುವರೆಗಿನ ಪಾವತಿಯ ವಿವರ, ಮಾಲಿನ್ಯ ನಿಯಂತ್ರಣ ಮಂಡಳಿಯ ನೀರಿನ ಪರೀಕ್ಷಾ ವರದಿಗಳ ಪ್ರತಿ ತೆಗೆದುಕೊಳ್ಳಿ. ನೀವೂ ಗೆಳೆಯರೂ ಬೆಳೆಗಾರರಾದ್ದರಿಂದ ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ: ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪಲ್ಪಿಂಗ್ ನೀರನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದ ನೀರನ್ನು, ತೋಡಿಗೆ ಬಿಡುವವರು ನಮ್ಮ ನಡುವೆಯೇ ಇದ್ದಾರೆ, ಆ ನೀರು ಹೊಳೆಯ ಆಮ್ಲಜನಕವನ್ನು ಹೀರಿಬಿಡುತ್ತದೆ, ಎದುರು ಪಕ್ಷ ಎತ್ತುವ ಮೊದಲ ಆಕ್ಷೇಪ ಅದೇ ಆಗಿರುತ್ತದೆ. ಆ ನೀರನ್ನು ಹಿಡಿದಿಡುವ ನಿಮ್ಮ ತೋಟದ ಹೊಂಡಗಳನ್ನು ಮೊದಲು ಸರಿಪಡಿಸಿಕೊಂಡು, ಅರ್ಜಿಯಲ್ಲಿ ಆ ವಿಷಯವನ್ನು ನೀವೇ ಪ್ರಸ್ತಾಪಿಸಿ.

ಚೆನ್ನೈ, ಬೆಂಗಳೂರುಗಳಿಗಿಂತ ಹತ್ತಿರದ ದಾರಿಯೂ ಇದೆ. ರತ್ಲಾಮ್ ಪ್ರಕರಣ ಆರಂಭವಾದದ್ದು ಸುಪ್ರೀಂ ಕೋರ್ಟಿನಲ್ಲಲ್ಲ. ಸಾರ್ವಜನಿಕ ಉಪದ್ರವ ನಿವಾರಣೆಗಾಗಿ ಅಲ್ಲಿನ ನಿವಾಸಿಗಳು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ದೂರಿನಿಂದ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಆ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ, ಅದನ್ನು ಚಲಾಯಿಸಬಲ್ಲ ಉಪವಿಭಾಗೀಯ ದಂಡಾಧಿಕಾರಿಯ ಕಚೇರಿ ಮಡಿಕೇರಿಯಲ್ಲೇ ಇದೆ. ಒಂದು ನಿರ್ದಿಷ್ಟ ಚರಂಡಿ, ಅದು ಹೊಳೆ ಸೇರುವ ಒಂದು ನಿರ್ದಿಷ್ಟ ಜಾಗ, ಅದರ ಫೋಟೊ, ನೀರಿನ ಪರೀಕ್ಷಾ ವರದಿ, ಹೊಣೆಗಾರ ಅಧಿಕಾರಿಯ ಹುದ್ದೆ ಇಷ್ಟನ್ನು ನಮೂದಿಸಿ ಅಲ್ಲಿಗೊಂದು ದೂರು ಕೊಡಿ. ಅದಕ್ಕೆ ಬರುವ ಉತ್ತರವನ್ನೂ, ಉತ್ತರ ಬಾರದಿದ್ದರೆ ಸ್ವೀಕೃತಿ ಪತ್ರವನ್ನೂ ನಮಗೆ ಕಳುಹಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಮುಂದೆ ಮೇಲಿನ ನ್ಯಾಯಾಲಯಕ್ಕೆ ಹೋಗುವಾಗ ಅರ್ಜಿಯ ಜೊತೆಗಿಡುವ ಮೊದಲ ದಾಖಲೆ ಅದೇ ಆಗುತ್ತದೆ.

ಸಂಪಾದಕ