ಮರಳಿ ಹೋಗುವವರು ನೀವು, ಮಗಳಲ್ಲ

ಪ್ರಿಯ ಸೋದರಿ,

ನಿಮ್ಮ ಪತ್ರ ದೀರ್ಘವಾಗಿದೆ. ಉಳಿದ ಓದುಗರಿಗಾಗಿ ಅದರ ಸಾರಾಂಶವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಈಗ ಹದಿನಾಲ್ಕು ವರ್ಷ. ಹುಟ್ಟಿದ್ದು ಒಂದು ದೇಶದಲ್ಲಿ, ಶಾಲೆಗೆ ಸೇರಿದ್ದು ಇನ್ನೊಂದರಲ್ಲಿ, ಈಗಿರುವುದು ಮೂರನೆಯದರಲ್ಲಿ. ನೀವು ದಂಪತಿ ನಾಲ್ಕನೆಯ ದೇಶದವರು; ಅಲ್ಲಿಗೆ ಅವಳು ರಜೆಗೆ ಮಾತ್ರ ಹೋಗಿದ್ದಾಳೆ. ‘ನಿನ್ನದು ಯಾವ ಊರು?’ ಎಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾಳೆ. ಮನೆಯಲ್ಲಿ ನೀವೇ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ‘ಮಗಳು ತ್ರಿಶಂಕುವಾಗಿಬಿಟ್ಟಳು. ಅವಳಿಗೊಂದು ಬೇರು ಸಿಗಲೆಂದು ಮುಂದಿನ ವರ್ಷ ನಮ್ಮ ದೇಶಕ್ಕೆ ಮರಳೋಣವೇ?’ ಎಂಬುದು ನಿಮ್ಮ ಪ್ರಶ್ನೆ.

ಮರಳುವುದು ನಿಮ್ಮಿಬ್ಬರ ಪಾಲಿಗೆ ಮಾತ್ರ ನಿಜ. ಅವಳ ಪಾಲಿಗೆ ಅದು ಇನ್ನೊಂದು ಹೊಸ ದೇಶ, ಇನ್ನೊಂದು ವಲಸೆ. ಈ ಒಂದು ವಿಷಯ ಸ್ಪಷ್ಟವಾಗದೆ ಟಿಕೆಟ್ ತೆಗೆಸಬೇಡಿ ಎಂಬುದೇ ನನ್ನ ಮುಖ್ಯ ಮಾತು.

ಇಂಥ ಮಕ್ಕಳ ಬಗ್ಗೆ ವ್ಯವಸ್ಥಿತ ಚಿಂತನೆ ಶುರುವಾಗಿ ಬಹಳ ಕಾಲವಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ದಂಪತಿ ಜಾನ್ ಮತ್ತು ರೂತ್ ಯೂಸೀಮ್ 1950ರ ದಶಕದಲ್ಲಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರ ಬದುಕನ್ನು ಅಧ್ಯಯನ ಮಾಡಿದರು. ಆ ಜನ ತವರಿನಲ್ಲಿ ಬದುಕುತ್ತಿದ್ದ ಹಾಗೂ ಇರಲಿಲ್ಲ, ಸ್ಥಳೀಯರ ಹಾಗೂ ಇರಲಿಲ್ಲ. ಎರಡರ ನಡುವೆ ತಮ್ಮದೇ ಒಂದು ರೀತಿ ರೂಢಿಸಿಕೊಂಡಿದ್ದರು. ಯೂಸೀಮ್ ದಂಪತಿ ಅದನ್ನು ‘ಮೂರನೆಯ ಸಂಸ್ಕೃತಿ’ ಎಂದರು, ಅದರೊಳಗೆ ಬೆಳೆದವರು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎನಿಸಿಕೊಂಡರು. ಮುಂದೆ ಡೇವಿಡ್ ಪೊಲಾಕ್ ಈ ಮಕ್ಕಳ ನಡುವೆ ವರ್ಷಾನುಗಟ್ಟಲೆ ಕೆಲಸ ಮಾಡಿ ಕಂಡುಕೊಂಡದ್ದು ಇಷ್ಟು: ಬೆಳೆದ ಎಲ್ಲ ನೆಲಗಳೊಂದಿಗೂ ಇವರಿಗೆ ನಂಟು ಇರುತ್ತದೆ, ಯಾವುದರ ಮೇಲೂ ಪೂರ್ತಿ ಹಕ್ಕಿದೆ ಅನ್ನಿಸುವುದಿಲ್ಲ, ತಮ್ಮ ಹಾಗೆಯೇ ಬೆಳೆದ ಇನ್ನೊಬ್ಬರು ಸಿಕ್ಕಾಗ ‘ಇವರು ನಮ್ಮವರು’ ಅನ್ನಿಸುತ್ತದೆ. ಹೆತ್ತವರ ದೇಶಕ್ಕೆ ಬಂದಾಗ ಇವರು ಕಣ್ಣಿಗೆ ಕಾಣದ ವಲಸಿಗರಾಗುತ್ತಾರೆ ಎಂದೂ ಪೊಲಾಕ್ ಹೇಳಿದರು. ಮುಖಚಹರೆ ಅಲ್ಲಿನವರದೇ, ಹೆಸರೂ ಅಲ್ಲಿನದೇ. ಹಾಗಾಗಿ ಸಣ್ಣ ತಪ್ಪಿಗೂ ವಿನಾಯಿತಿ ಸಿಗುವುದಿಲ್ಲ. ವಿದೇಶಿ ಹುಡುಗಿ ತಡವರಿಸಿದರೆ ಸಹಪಾಠಿಗಳು ಕೈಹಿಡಿದು ಹೇಳಿಕೊಡುತ್ತಾರೆ. ನಿಮ್ಮ ಮಗಳು ತಡವರಿಸಿದರೆ ‘ಇಷ್ಟೂ ಗೊತ್ತಿಲ್ಲವೇ?’ ಎನ್ನುತ್ತಾರೆ.

ಜಪಾನ್ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡ ದೇಶ. ಅಲ್ಲಿನ ಕಂಪನಿಗಳು ಉದ್ಯೋಗಿಗಳನ್ನು ಸಂಸಾರಸಮೇತ ಹೊರದೇಶಗಳಿಗೆ ಕಳಿಸತೊಡಗಿದ ಮೇಲೆ, ತಿರುಗಿ ಬಂದ ಮಕ್ಕಳಿಗೆ ‘ಕಿಕೊಕುಶಿಜೊ’ ಎಂಬ ಹೆಸರೇ ಬಿತ್ತು. ಮೊದಮೊದಲು ಅವರನ್ನು ತಿದ್ದಿ ಸರಿಮಾಡಬೇಕಾದವರೆಂದೇ ನೋಡಿದರು. ಆಮೇಲೆ ಅವರಿಗಾಗಿ ಪ್ರತ್ಯೇಕ ತರಗತಿಗಳು ಬಂದವು, ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಪ್ರವೇಶದ ದಾರಿಯೂ ತೆರೆಯಿತು. ಮಕ್ಕಳು ಅದೇ ಬಗೆಯ ಮಕ್ಕಳೇ. ಸುತ್ತಲಿನವರ ದೃಷ್ಟಿ ಬದಲಾಯಿತು.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲಿದೆ. ನೀವು ಅದನ್ನು ಬರೆದು ಹಾಗೆಯೇ ಮುಂದೆ ಹೋಗಿದ್ದೀರಿ, ನನಗೆ ಹೋಗಲಾಗಲಿಲ್ಲ. ಹಳೆಯ ಶಾಲೆಯ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಮಗಳು ಇವತ್ತಿನವರೆಗೂ ಬಿಚ್ಚಿಲ್ಲ, ಬಿಸಾಡಲೂ ಬಿಟ್ಟಿಲ್ಲ, ಅಂಟುಪಟ್ಟಿ ಸಮೇತ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ಆ ದೇಶ ಬಿಟ್ಟದ್ದು ಪರೀಕ್ಷೆ ಮುಗಿದ ಮರುದಿನವೇ. ಗೆಳತಿಯರಿಗೆ ಸರಿಯಾಗಿ ಹೋಗಿಬರುತ್ತೇನೆ ಎನ್ನಲೂ ಆಗಲಿಲ್ಲ. ‘ಹೊಸ ಶಾಲೇಲಿ ಬೇರೆ ಫ್ರೆಂಡ್ಸ್ ಸಿಗ್ತಾರೆ ಬಿಡು’ ಎಂದು ನೀವು ಸಮಾಧಾನ ಹೇಳಿದಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ, ಗೊತ್ತು. ಆದರೆ ಆ ಮಗು ಒಂದೇ ದಿನದಲ್ಲಿ ಕೋಣೆ, ಬೀದಿ, ಗೆಳತಿಯರು, ಮೇಷ್ಟ್ರು, ತನ್ನನ್ನು ಚೆನ್ನಾಗಿ ಬಲ್ಲ ಒಂದಿಡೀ ಲೋಕವನ್ನೇ ಕಳೆದುಕೊಂಡಿತು. ಯಾರೂ ಸತ್ತಿಲ್ಲವಾದ್ದರಿಂದ ಯಾರೂ ಅದನ್ನು ದುಃಖವೆಂದು ಕರೆಯಲಿಲ್ಲ. ಅವಳ ಮೌನಕ್ಕೆ ನೀವು ಗುರುತಿನ ಗೊಂದಲ ಎಂದು ಹೆಸರಿಟ್ಟಿದ್ದೀರಿ. ನನಗೆ ಅದರಲ್ಲಿ ಹೆಚ್ಚಾಗಿ ಕಾಣುವುದು ಅಳಲು ಬಿಡದ ದುಃಖ.

ಆದ್ದರಿಂದ ಮೊದಲು ಆ ಪೆಟ್ಟಿಗೆಯ ಹತ್ತಿರ ಕುಳಿತುಕೊಳ್ಳಿ. ತೆರೆಯೆಂದು ಒತ್ತಾಯಿಸಬೇಡಿ. ಅಲ್ಲಿಂದ ಹೊರಟ ರೀತಿ ಸರಿಯಿರಲಿಲ್ಲ, ನಿನಗೆ ಸಮಯ ಕೊಡಬೇಕಿತ್ತು ಎಂದು ನೀವೇ ಬಾಯಿಬಿಟ್ಟು ಹೇಳಿ. ಅವಳು ಸಿಟ್ಟಾದರೆ ಆಗಲಿ, ತಡೆದುಕೊಳ್ಳಿ. ಸಾಧ್ಯವಾದರೆ ಒಂದು ರಜೆಯಲ್ಲಿ ಆ ಹಳೆಯ ಊರಿಗೇ ಕರೆದುಕೊಂಡು ಹೋಗಿ.

‘ಜಗತ್ತೆಲ್ಲ ನಿನ್ನದೇ ಕಣೇ, ನೀನು ವಿಶ್ವಪ್ರಜೆ’ ಎಂಬ ಮಾತು ಮಾತ್ರ ಸದ್ಯಕ್ಕೆ ಬೇಡ. ಹಲವು ಭಾಷೆ, ಹಲವು ಜನರ ನಡುವೆ ಬೆಳೆದವರಿಗೆ ಅದರ ಲಾಭ ಇದ್ದೇ ಇದೆ. ಬರಾಕ್ ಒಬಾಮ ಬಾಲ್ಯದ ಕೆಲವು ವರ್ಷ ಜಕಾರ್ತಾದಲ್ಲಿ ಓದಿ, ಹತ್ತನೆಯ ವಯಸ್ಸಿಗೆ ಹವಾಯಿಗೆ ಮರಳಿದವರು. ಅಂಥ ಉದಾಹರಣೆ ಕೊಟ್ಟು ಹುರಿದುಂಬಿಸಬೇಕು ಅನ್ನಿಸಬಹುದು. ನೋವಿನಲ್ಲಿರುವ ಮಗುವಿಗೆ ಅದು ಬಾಯಿ ಮುಚ್ಚಿಸಿದಂತೆ ಕೇಳಿಸುತ್ತದೆ.

ಒಂದೇ ದೇಶವನ್ನು ಆರಿಸಿಕೋ ಎಂಬ ಒತ್ತಡವನ್ನೂ ಬಿಡಿ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ, ಶಿಕ್ಷಣವು ಮಗುವಿನಲ್ಲಿ ಯಾವುದರ ಬಗ್ಗೆ ಗೌರವ ಬೆಳೆಸಬೇಕೆಂದು ಹೇಳುವಾಗ, ಮಗುವಿನ ಸ್ವಂತ ಭಾಷೆ ಮತ್ತು ಸಂಸ್ಕೃತಿ, ಅದು ವಾಸಿಸುವ ದೇಶ, ಅದರ ಮೂಲ ದೇಶ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸೇರಿಸುತ್ತದೆ. ಒಪ್ಪಂದವೇ ಅಷ್ಟು ಜಾಗ ಕೊಟ್ಟಿರುವಾಗ ಮನೆಯಲ್ಲಿ ನಾವು ಬಿಗಿ ಹಿಡಿಯುವುದೇಕೆ? ಭಾಷೆಯ ಬಗ್ಗೆ ಕೇಳಿದ್ದೀರಿ: ಅವಳು ಯಾವ ಭಾಷೆಯಲ್ಲಿ ಉತ್ತರಿಸಿದರೂ ಬೈಯದೆ ನೀವು ನಿಮ್ಮ ಭಾಷೆಯಲ್ಲೇ ಮಾತಾಡುತ್ತಿರಿ. ಅಷ್ಟು ಸಾಕು.

ಇನ್ನು ನಿಮ್ಮ ನಿರ್ಧಾರ. ವಯಸ್ಸಾದ ಅತ್ತೆ ಮಾವನ ಬಗ್ಗೆಯೂ ಬರೆದಿದ್ದೀರಿ. ಅವರಿಗಾಗಿ ಹೋಗಬೇಕಿದ್ದರೆ ಖಂಡಿತ ಹೋಗಿ, ಮಗಳಿಗೂ ಆ ಕಾರಣವನ್ನೇ ಹೇಳಿ. ‘ನಿನಗೋಸ್ಕರವೇ ಹೋಗುತ್ತಿದ್ದೇವೆ’ ಎಂದರೆ ಅಲ್ಲಿ ಎದುರಾಗುವ ಪ್ರತಿ ಕಷ್ಟದ ಭಾರವೂ ಅವಳ ತಲೆಯ ಮೇಲೆ ಬೀಳುತ್ತದೆ. ಹೊರಡುವ ಮುನ್ನ ನಾಲ್ಕು ಕೆಲಸ ಆಗಬೇಕೆಂದು ಪೊಲಾಕ್ ಹೇಳುತ್ತಿದ್ದರು: ಕೆಟ್ಟ ಸಂಬಂಧಗಳನ್ನು ಸರಿಪಡಿಸಿಕೊಳ್ಳುವುದು, ನೆರವಾದವರನ್ನು ನೆನೆಯುವುದು, ವಿದಾಯ ಹೇಳುವುದು, ಮುಂದಿನ ಊರನ್ನು ಕಲ್ಪಿಸಿಕೊಳ್ಳುವುದು. ಇದಕ್ಕೆ ಕೆಲವು ವಾರಗಳಾದರೂ ಬೇಕು. ಪರೀಕ್ಷೆಯ ಮರುದಿನಕ್ಕೆ ಟಿಕೆಟ್ ಬೇಡ. ಅಲ್ಲಿನ ಶಾಲೆಗೆ, ಇವಳು ಹೊಸಬಳು, ಹೊಸಬಳೆಂದೇ ನೋಡಿಕೊಳ್ಳಿ ಎಂದು ಮೊದಲೇ ತಿಳಿಸಿ. ಹಾಗೆಯೇ ಹೊರಗೆ ಬೆಳೆದು ಬಂದ ಇನ್ನೊಂದು ಮಗು ಅಲ್ಲಿದೆಯೇ ವಿಚಾರಿಸಿ. ಈ ನಡುವೆ ಅವಳ ಊಟ, ನಿದ್ದೆ ಕೆಟ್ಟು ಕೋಣೆ ಬಿಟ್ಟು ಹೊರಗೇ ಬಾರದಂತಾದರೆ, ಪ್ರಯಾಣದ ಮಾತನ್ನು ಬದಿಗಿಟ್ಟು ಆಪ್ತಸಮಾಲೋಚಕರ ಬಳಿ ಹೋಗಿ.