ಗುಜರಿಯಿಂದ ಬಿಚ್ಚಿದ ಏರ್‌ಬ್ಯಾಗ್ ಮಾರುವುದನ್ನು ಪೂರ್ತಿ ನಿಷೇಧಿಸಬೇಕಾ?

ಆಕ್ಸಿಡೆಂಟ್ ಆದ ಕಾರಿಗೆ ಗುಜರಿಯಲ್ಲಿ ಸಿಕ್ಕ 'ಒರಿಜಿನಲ್' ಏರ್‌ಬ್ಯಾಗ್ ಹಾಕಿಸಬಹುದಾ, ಇಂಥದ್ದನ್ನು ಮಾರಲು ಬಿಡುವುದೇ ತಪ್ಪಲ್ವಾ ಅಂತ ಕೇಳಿದ್ದೀರಿ. ಹಾಕಿಸಬೇಡಿ. ಎರಡನೆಯ ಪ್ರಶ್ನೆಗೆ ಇಷ್ಟು ಚಿಕ್ಕ ಉತ್ತರ ಸಾಲದು. ನಾನು ಇನ್ಶೂರೆನ್ಸ್ ಕ್ಲೇಮ್‌ಗಳಿಗೆ ವಾಹನ ಸರ್ವೆ ಮಾಡುವವನು. ಈ ಮಾಲು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅನ್ನುವುದು ಕೆಲಸದ ದಾರಿಯಲ್ಲೇ ಕಣ್ಣಿಗೆ ಬೀಳುತ್ತದೆ.

ಜನ ಗುಜರಿಗೆ ಯಾಕೆ ಹೋಗುತ್ತಾರೆ ಅನ್ನುವುದನ್ನು ಮೊದಲು ನೋಡಿ. ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗಳ ಸಾಲಿನಲ್ಲೇ ಏರ್‌ಬ್ಯಾಗನ್ನೂ ಸೇರಿಸಿ ಶೇ. 50 ಸವಕಳಿ ಕಡಿಯುತ್ತಾರೆ. ಅಂದರೆ ಜೀರೋ ಡೆಪ್ (ಸವಕಳಿ ಕಡಿಯದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಹೊಸ ಏರ್‌ಬ್ಯಾಗಿನ ಅರ್ಧ ದುಡ್ಡು ನಿಮ್ಮ ಜೇಬಿನಿಂದಲೇ. ಬ್ಯಾಗ್ ಒಂದೇ ಆದರೆ ಹೇಗೋ ನಡೆಯುತ್ತಿತ್ತು. ಜೊತೆಗೆ ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಸಿಯು, ಬಿಗಿದು ಲಾಕ್ ಆದ ಸೀಟ್ ಬೆಲ್ಟ್, ಪಕ್ಕದ ಸೀಟಿನ ಬ್ಯಾಗ್ ಸಿಡಿದಿದ್ದರೆ ಒಡೆದ ಡ್ಯಾಶ್‌ಬೋರ್ಡ್ ಎಲ್ಲ ಸೇರುತ್ತವೆ. ಜೀವ ಉಳಿಸುವ ಭಾಗಕ್ಕೂ ಟೈರಿಗೂ ಒಂದೇ ಲೆಕ್ಕ ಹಾಕುವ ಈ ಪದ್ಧತಿ ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಹಳೆಯ ಬಾಗಿಲನ್ನು ಕಣ್ಣಲ್ಲಿ ನೋಡಿ ಕೊಳ್ಳಬಹುದು. ಗೇರ್‌ಬಾಕ್ಸನ್ನು ತಿರುಗಿಸಿ ನೋಡಬಹುದು. ಏರ್‌ಬ್ಯಾಗಿನ ಒಳಗಿರುವುದು ಒಮ್ಮೆ ಮಾತ್ರ ಉರಿಯುವ ಮದ್ದು. ಹೋದ ವರ್ಷದ ಪಟಾಕಿ ಢಂ ಅನ್ನುತ್ತದೋ ಠುಸ್ ಅನ್ನುತ್ತದೋ ಹಚ್ಚಿಯೇ ತಿಳಿಯಬೇಕು, ಇದೂ ಹಾಗೇ. ನೆರೆ ನೀರಲ್ಲಿ ಮುಳುಗಿದ್ದ ಕಾರಿನದ್ದೋ, ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದಿದ್ದರದ್ದೋ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ.

ಏರ್‌ಬ್ಯಾಗ್ ತಯಾರಿಸುತ್ತಿದ್ದ ಜಪಾನಿನ ತಕಾಟಾ ಕಂಪನಿಯ ಕಥೆ ಕೇಳಿರುತ್ತೀರಿ. ಅದರ ಇನ್‌ಫ್ಲೇಟರ್‌ಗಳಲ್ಲಿದ್ದ (ಬ್ಯಾಗನ್ನು ಉಬ್ಬಿಸುವ, ಮದ್ದು ತುಂಬಿದ ಲೋಹದ ಡಬ್ಬಿ) ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವಕ್ಕೆ ವರ್ಷಗಳ ಕಾಲ ಸಿಕ್ಕಿ ಹಾಳಾಗಿ, ಉರಿಯುವಾಗ ಲೋಹದ ಡಬ್ಬಿಯನ್ನೇ ಸೀಳುತ್ತಿತ್ತು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್ ಆದವು. ನಮ್ಮಲ್ಲೂ ಹೋಂಡಾ ಕಾರುಗಳನ್ನು ಕರೆಸಿ ಬದಲಿಸಿದರು. ನಿಮ್ಮ ಪ್ರಶ್ನೆಗೆ ಹತ್ತಿರದ್ದು 2017ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದದ್ದು. 2002ರ ಹೋಂಡಾ ಅಕಾರ್ಡ್ ಓಡಿಸುತ್ತಿದ್ದ ಯುವತಿಯ ಗಂಟಲಿಗೆ ಲೋಹದ ಚೂರು ಹೊಕ್ಕಿತು. ಆಕೆ ಬದುಕಿದಳು. ಸಿಡಿದ ಇನ್‌ಫ್ಲೇಟರ್ ಆ ಕಾರಿನದ್ದೇ ಆಗಿರಲಿಲ್ಲ, ಬೇರೊಂದು 2001ರ ಅಕಾರ್ಡ್‌ನಿಂದ ಬಿಚ್ಚಿ ಹಾಕಿದ್ದು. ಮನೆಯವರಿಗೆ ಅದರ ಸುಳಿವೇ ಇರಲಿಲ್ಲ. ರೀಕಾಲ್ ಮಾಡುವವರು ಕಾರಿನ ಚಾಸಿಸ್ ನಂಬರ್ ಹಿಡಿದು ಹುಡುಕುತ್ತಾರೆ. ಭಾಗ ಕಾರಿನಿಂದ ಕಾರಿಗೆ ಜಿಗಿದ ಮೇಲೆ ಆ ದಾರವೇ ಕಡಿದು ಹೋಗುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲ ಅನ್ನುವುದು ತಪ್ಪು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 182ಎ ಕಲಂ ಬಂತು. ಸುರಕ್ಷತೆಗೆ ಅತಿ ಮುಖ್ಯ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗ ನಿಯಮಕ್ಕೆ ತಕ್ಕಂತೆ ಇಲ್ಲದಿದ್ದರೆ, ಅದನ್ನು ಮಾರಿದವನಿಗೆ ಒಂದೊಂದು ಭಾಗಕ್ಕೂ 1 ಲಕ್ಷ ರೂಪಾಯಿ ದಂಡ, ಇಲ್ಲವೇ 1 ವರ್ಷದವರೆಗೆ ಜೈಲು, ಅಥವಾ ಎರಡೂ. ನಕಲಿ ಮಾಲಿಗೆ ಇದು ಸರಿಯಾದ ಅಸ್ತ್ರ. ಆದರೆ ಗುಜರಿಯ ಏರ್‌ಬ್ಯಾಗ್ ನಕಲಿ ಅಲ್ಲವಲ್ಲ! ಕಾರ್ಖಾನೆಯಿಂದ ಹೊರಬಂದಾಗ ಅದು ಎಲ್ಲ ಮಾನದಂಡಕ್ಕೂ ಸರಿಯಾಗಿಯೇ ಇತ್ತು. ಆಮೇಲೆ ಅದಕ್ಕೆ ಏನಾಯಿತು ಅನ್ನುವುದೇ ಸಮಸ್ಯೆ, ನನ್ನ ಓದಿನಂತೆ ಆ ಪ್ರಶ್ನೆಯನ್ನು ಈ ಕಲಂ ನೇರವಾಗಿ ಕೇಳುವುದಿಲ್ಲ.

ಇನ್ನು ಗುಜರಿ ಅಂಗಡಿಯವನನ್ನೇ ಎಲ್ಲರೂ ಬೈಯುತ್ತಾರೆ. ಮಾಲು ಹುಟ್ಟುವುದು ಅದಕ್ಕಿಂತ ಹಿಂದೆ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಶೇ. 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ ಅಂತ ಬರೆಯುತ್ತೇವೆ. ಆಮೇಲೆ ಅದು ಹರಾಜಿಗೆ ಹೋಗುತ್ತದೆ, ಎಷ್ಟೋ ಸಲ ಆರ್‌ಸಿ ಜೀವಂತ ಇರುವಾಗಲೇ. ಕೊಂಡವನು ರಿಪೇರಿ ಮಾಡಿ ಓಡಿಸಬಹುದು, ಬಿಚ್ಚಿ ಮಾರಬಹುದು, ಕೇಳುವವರಿಲ್ಲ. 2021ರ ಸ್ಕ್ರ್ಯಾಪಿಂಗ್ ನಿಯಮಗಳು ಚೆನ್ನಾಗಿವೆ, ಆದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರದ ಗೇಟಿನೊಳಗೆ ಬಂದ ಗಾಡಿಯ ಮೇಲೆಯೇ ಅವು ನಿಜವಾಗಿ ಕೆಲಸ ಮಾಡುವುದು. ಹರಾಜಿನ ಗಾಡಿ ಆ ಗೇಟಿನ ಕಡೆ ಮುಖ ಹಾಕುವುದೇ ಕಡಿಮೆ.

ಹಾಗಾಗಿ 'ಹಳೆ ಸ್ಪೇರ್ ಪೂರ್ತಿ ಬ್ಯಾನ್' ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬಾಗಿಲು, ಬಾನೆಟ್, ಹೆಡ್‌ಲೈಟ್ ಮಾರಲಿ. ಅದರಿಂದ ಬಡವನ ಗಾಡಿ ಓಡುತ್ತದೆ, ಶಿವಾಜಿನಗರದಿಂದ ಚೆನ್ನೈನ ಪುದುಪೇಟೆವರೆಗೆ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಮಾತ್ರ ಬೇರೆ ಇರಬೇಕು. ಟೋಟಲ್ ಲಾಸ್ ಗಾಡಿ ಹರಾಜಿಗೆ ಹೋಗುವ ಮುಂಚೆಯೇ ಅದರ ಏರ್‌ಬ್ಯಾಗ್‌ಗಳ ಸೀರಿಯಲ್ ನಂಬರ್ ಚಾಸಿಸ್ ನಂಬರ್ ಜೊತೆ ದಾಖಲಾಗಬೇಕು. ಬಿಚ್ಚಲು ಹೋಗುವ ಗಾಡಿಯಾದರೆ ಅವನ್ನು ಅಲ್ಲೇ ಸಿಡಿಸಿ ನಿಷ್ಕ್ರಿಯ ಮಾಡಬೇಕು. ಖರ್ಚು ಯಾರದ್ದು ಅಂತೀರಾ? ಜಪಾನಿನಲ್ಲಿ 2005ರಿಂದ ಜಾರಿಯಲ್ಲಿರುವ ಕಾನೂನಿನಂತೆ ಏರ್‌ಬ್ಯಾಗ್ ವಿಲೇವಾರಿಯ ಶುಲ್ಕವನ್ನು ಕಾರಿನ ಮಾಲೀಕನೇ ಮೊದಲೇ ಕಟ್ಟಿರುತ್ತಾನೆ. ಯುರೋಪಿನ 2000ದ ನಿರ್ದೇಶನವೂ ಹಳೆಯ ಗಾಡಿಯ ಏರ್‌ಬ್ಯಾಗನ್ನು ತೆಗೆಯಬೇಕು ಇಲ್ಲವೇ ನಿಷ್ಕ್ರಿಯ ಮಾಡಬೇಕು ಅನ್ನುತ್ತದೆ.

ನಮ್ಮಲ್ಲಿ ಇದೆಲ್ಲ ಆಗದ ಮಾತು ಅನ್ನುವವರಿಗೆ ಒಂದು ಉದಾಹರಣೆ. ಸೀಟ್ ಬೆಲ್ಟ್ ಅಲಾರಂ ಸುಮ್ಮನಾಗಿಸುವ ಕ್ಲಿಪ್‌ಗಳು ಆನ್‌ಲೈನ್‌ನಲ್ಲಿ ರಾಜಾರೋಷವಾಗಿ ಸಿಗುತ್ತಿದ್ದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಇ-ಕಾಮರ್ಸ್ ಕಂಪನಿಗಳಿಗೆ ಆದೇಶ ಕೊಟ್ಟಿತು. 13,000ಕ್ಕೂ ಹೆಚ್ಚು ಲಿಸ್ಟಿಂಗ್ ಹೋದವು. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ, ಪಕ್ಕದ ಸೀಟಿನದ್ದು 2022ರ ಜನವರಿಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದೆ. ಆ ಕಾರುಗಳು ಈಗೀಗ ಗುಜರಿ ಸೇರಲು ಶುರುವಾಗಿವೆ. ಇನ್ನು ಕೆಲವು ವರ್ಷದಲ್ಲಿ ಈ ಮಾಲು ರಾಶಿ ಬೀಳುತ್ತದೆ, ಬಿಗಿ ಮಾಡುವುದಾದರೆ ಈಗಲೇ.

ನಿಮ್ಮ ಕಾರಿನ ವಿಷಯಕ್ಕೆ ಬಂದರೆ, ಏರ್‌ಬ್ಯಾಗಿಗೆ ಕಂಪನಿಯ ಪಾರ್ಟ್ ನಂಬರ್ ಇರುವ ಬಿಲ್ ಕೇಳಿ. ಬಿಚ್ಚಿದ ಹಳೆಯದನ್ನು ಸರ್ವೇಯರ್‌ಗೆ ತೋರಿಸಲು ಹೇಳಿ. ಗಾಡಿ ವಾಪಸ್ ತಗೊಳ್ಳುವಾಗ ಇಗ್ನಿಷನ್ ಆನ್ ಮಾಡಿ ನೋಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯುತ್ತಲೇ ಇದ್ದರೆ ಏನೋ ದೋಷ ಇದೆ. ಉರಿಯಲೇ ಇಲ್ಲ ಅಂದರೆ ಇನ್ನೂ ಅನುಮಾನ ಪಡಿ, ಯಾರೋ ದೀಪವನ್ನೇ ಕಿತ್ತಿರಬಹುದು. ಸರಿಯಾಗಿ ಆರಿದರೂ ಕಾರಿನ ಕಂಪ್ಯೂಟರಿನಲ್ಲಿರುವ ದೋಷ ಓದುವ ಸ್ಕ್ಯಾನರ್ ಹಾಕಿಸಿ ರಿಪೋರ್ಟ್ ಕೈಗೆ ತಗೊಳ್ಳಿ, ಯಾಕಂದರೆ ದೀಪವನ್ನು ನಂಬಿಸುವ ಕಳ್ಳದಾರಿಗಳೂ ಇವೆ. ಕಾರು ತೀರಾ ಹಳೆಯದಲ್ಲದಿದ್ದರೆ ಮುಂದಿನ ರಿನ್ಯೂವಲ್‌ನಲ್ಲಿ ಜೀರೋ ಡೆಪ್ ಸೇರಿಸಿಕೊಳ್ಳಿ.